ತಂಗಡಗಿಯಿಂದ ಲೈವ್

ಹೊತ್ತು ಮುಳುಗಿ ತಾಸಾದರೂ ತಂಗಡಗಿಯ ಕಲ್ಲುಗೋಡೆಗಳ ಕಾವು ಇಳಿದಿಲ್ಲ. ಏಪ್ರಿಲ್ ತಿಂಗಳು. ಮುದ್ದೇಬಿಹಾಳ ಸೀಮೆಯ ಬಿಸಿಲು 40 ಡಿಗ್ರಿ ದಾಟಿದರೆ ಇಲ್ಲಿ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ. ಊರ ಮಗ್ಗುಲಿಗೆ ಕೃಷ್ಣೆ. ಮೇಲೆ ಆಲಮಟ್ಟಿ, ಕೆಳಗೆ ನಾರಾಯಣಪುರ, ನಡುವೆ ಹಿನ್ನೀರಾಗಿ ನಿಂತ ಹೊಳೆ ಬೇಸಿಗೆಗೆ ದಂಡೆಯಿಂದ ಹಿಂದೆ ಸರಿದಿದೆ. ಹೊಳೆಯಾಚೆ ಹುನಗುಂದ ತಾಲೂಕು, ಬಸವಣ್ಣನವರ ಕೂಡಲಸಂಗಮ. ಈಚೆ ನೀಲಾಂಬಿಕೆಯ ಐಕ್ಯಸ್ಥಳ. ದರ್ಶನಕ್ಕೆ ಬಂದವರ ಕ್ರೂಸರು, ಟಂಟಂಗಳು ಧೂಳೆಬ್ಬಿಸಿ ಹೊರಟುಹೋದ ಮೇಲೆ ಊರು ಮತ್ತೆ ಊರಿನವರದು. ಕಟ್ಟೆಯ ಮೇಲೆ ಹಿರಿಯರು, ಪಾನ್ ಅಂಗಡಿಯ ಮುಂದೆ ಬೈಕುಗಳು, ಎಲ್ಲರ ಕೈಯಲ್ಲೂ ಬೆಳಗುವ ಒಂದೊಂದು ಗಾಜು.

ಒಳ ಓಣಿಯಲ್ಲಿ ಒಂದು ಮಾಳಿಗೆ ಮನೆ. ಪಡಸಾಲೆಯ ಮೂಲೆಯಲ್ಲಿ ಜೋಳದ ಚೀಲಗಳನ್ನು ಒತ್ತರಿಸಿ ಒಂದು ಮೇಜಿನಷ್ಟು ಜಾಗ ಮಾಡಲಾಗಿದೆ. ಅದರ ಮೇಲೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು, ಅದಕ್ಕೆ ವೈರು ಚುಚ್ಚಿಕೊಂಡ ಫೋನು. ಟೇಬಲ್ ಫ್ಯಾನಿನ ಮುಖ ಫೋನಿನ ಕಡೆಗಿದೆ. ಆಡುವ ಹುಡುಗನ ಅಂಗಿ ಬೆವರಿಗೆ ಬೆನ್ನಿಗಂಟಿದೆ. ಡಿಗ್ರಿ ಓದುವವನು. ಹಗಲು ಕಾಲೇಜು, ರಾತ್ರಿ ಬಿಜಿಎಮ್‌ಐ ಎಂಬ ಮೊಬೈಲ್ ಆಟ. ಆಡುವುದನ್ನು ಯೂಟ್ಯೂಬಿನಲ್ಲಿ ಲೈವ್ ಬಿಡುತ್ತಾನೆ, ನಮ್ಮ ಕಡೆಯ ಮಾತಿನಲ್ಲೇ ಹರಟುತ್ತಾ. ನೋಡುವವರಲ್ಲಿ ಹೆಚ್ಚಿನವರು ಗೊತ್ತಿದ್ದ ಹುಡುಗರೇ: ಗೋವೆಗೆ, ಪುಣೆಗೆ, ಮಂಗಳೂರಿಗೆ ದುಡಿಯಲು ಹೋದವರು.

ಗೋವೆಯಿಂದ ಒಬ್ಬ ವಾಟ್ಸ್ಆ್ಯಪಿನಲ್ಲಿ ಕರೆ ಮಾಡಿದ. 

"ಲೇ ದೋಸ್ತಾ, ಒಡಿಯಾಕತ್ತೈತಿ ನೋಡು."

"ಎಲ್ಲಿ ಒಡಿಯಾಕತ್ತೈತಿ? ಹುಲ್ಲಿನ್ಯಾಗೋ, ನನ್ನ ಮಾರಿಮ್ಯಾಲೋ?"

"ಹುಲ್ಲಿನ್ಯಾಗ. ನೀ ಓಡಿದ್ಯಂದ್ರ ಸಾಕು, ಹಸರ ಹಸರ ಚೌಕ ಏಳಾಕತ್ತಾವು."

ಹುಡುಗ ನಕ್ಕ. ಹುಲ್ಲಿನಲ್ಲಿ ಒಡೆದರೆ ಅವನಿಗೆ ಭಯವಿಲ್ಲ. ಕಾಯಿಲೆ ಎಲ್ಲಿದೆ ಎಂದು ಗೊತ್ತು.

ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಬಿಡಿಸಿ ಹೇಳುವೆ. 1080 ಎಂದು ನಾವು ಕರೆಯುವ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು. ಒಟ್ಟು 20 ಲಕ್ಷಕ್ಕೂ ಮಿಕ್ಕು. ಸೆಕೆಂಡಿಗೆ ಇಂಥ 60 ಚಿತ್ರ. ಇದ್ದದ್ದನ್ನು ಇದ್ದ ಹಾಗೆ ಕಳಿಸಬೇಕೆಂದರೆ ಸೆಕೆಂಡಿಗೆ ಸುಮಾರು 300 ಕೋಟಿ ಬಿಟ್ ಬೇಕು. ತಂಗಡಗಿಯ ಮಾಳಿಗೆಯ ಮೇಲಿಂದ ಹೊರಗೆ ಹೋಗುವುದು, ನೆಟ್ ಚೆನ್ನಾಗಿದ್ದ ರಾತ್ರಿ, ಸೆಕೆಂಡಿಗೆ 60 ಲಕ್ಷ ಬಿಟ್. ಅಂದರೆ ಐನೂರರಲ್ಲಿ ಒಂದು ಪಾಲು. ಉಳಿದ 499 ಪಾಲನ್ನು ಚಿತ್ರ ಹೊರಡುವ ಮುಂಚೆಯೇ ಲ್ಯಾಪ್‌ಟಾಪು ಬಿಸಾಡಬೇಕು, ಬಿಸಾಡಿದ್ದು ನೋಡುವವನಿಗೆ ಗೊತ್ತಾಗಬಾರದು. 2003ರಲ್ಲಿ ರೂಪುಗೊಂಡ ಎಚ್.264 ಎಂಬ ಪದ್ಧತಿ ಇಂದಿಗೂ ಲೈವ್ ಜಗತ್ತಿನ ಬಹುಪಾಲು ಭಾರ ಹೊತ್ತು ಈ ಕೆಲಸ ಮಾಡುತ್ತಿದೆ. ಚಿತ್ರವನ್ನು 16 ಚುಕ್ಕಿ ಅಗಲ, 16 ಚುಕ್ಕಿ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕಕ್ಕೂ, ಇದು ಹಿಂದಿನ ಚಿತ್ರದಲ್ಲಿ ಎಲ್ಲಿತ್ತು ಎಂದು ಹುಡುಕುತ್ತದೆ. ಸಿಕ್ಕರೆ, ಇಷ್ಟು ಸರಿಯಿತು ಎಂಬ ವರದಿ ಮಾತ್ರ ಹೋಗುತ್ತದೆ. ಸಿಗದಿದ್ದರೆ ಚೌಕವನ್ನು ಹೊಸದಾಗಿ ಬರೆಯಬೇಕು. ಗೋಡೆ, ಆಕಾಶ, ರಸ್ತೆ ಇವೆಲ್ಲ ಸಿಗುತ್ತವೆ. ಹುಲ್ಲು ಸಿಗುವುದಿಲ್ಲ. ಎಸಳೆಸಳೂ ತನ್ನ ದಾರಿಯಲ್ಲಿ ಅಲುಗುತ್ತದೆ. ಮಳೆ, ಹೊಗೆ, ಎಲೆ, ನೀರಿನ ಅಲೆ, ಇವೂ ಹಾಗೆಯೇ. ಬಿಟ್ ಸಾಲದೆ ಬಂದಾಗ ಪದ್ಧತಿ ಕೈಚೆಲ್ಲಿ ಚೌಕಗಳನ್ನು ಹಾಗೇ ಬಿಟ್ಟುಬಿಡುತ್ತದೆ. ಗೋವೆಯ ಗೆಳೆಯ ಕಂಡದ್ದು ಅವನ್ನೇ.

ಆದ್ದರಿಂದ ಈ ಆಟದ ಮ್ಯಾಪುಗಳನ್ನು ಹುಡುಗ ಗೆಲ್ಲುವ ಲೆಕ್ಕದಲ್ಲಿ ಮಾತ್ರ ನೋಡುವುದಿಲ್ಲ. ಸಾನ್‌ಹಾಕ್ ಎಂದರೆ 4 ಕಿಲೋಮೀಟರ್ ಉದ್ದಗಲದ ದಟ್ಟ ಕಾಡು, ಲೈವಿಗೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಎರಾಂಗೆಲ್‌ನ ಹುಲ್ಲುಗಾವಲು ನಡುವಿನದು. ಮಿರಾಮಾರ್ ಬಂದರೆ ಅವನ ಮುಖ ಅರಳುತ್ತದೆ: ಬಯಲು, ಮರಳು, ಒಣ ಗುಡ್ಡ, ಬರಿದಾದ ಆಕಾಶ. "ನಮ್ಮ ವಿಜಾಪುರ ಜಿಲ್ಲಾ ಇದ್ದಂಗ ಐತ್ರಿ, ಹುಲ್ಲಿಲ್ಲ, ಒಡಿಯೂದಿಲ್ಲ" ಎನ್ನುತ್ತಾನೆ. ಬರದ ಸೀಮೆಗೆ ಇಂಥ ಹೊಗಳಿಕೆ ಬೇರೆ ಯಾರಿಂದಲೂ ಸಿಕ್ಕಿರಲಾರದು.

ಆಟದ ಸೆಟ್ಟಿಂಗಿನಲ್ಲಿ ಗ್ರಾಫಿಕ್ಸನ್ನು ಅವನು ಸ್ಮೂತ್‌ಗೆ ಇಳಿಸಿದ್ದಾನೆ, ಫ್ರೇಮ್ ರೇಟನ್ನು ಎಕ್ಸ್‌ಟ್ರೀಮ್‌ಗೆ ಏರಿಸಿದ್ದಾನೆ. ಹೊಸಬರು ಇದರ ತಿರುಗುಮುರುಗು ಮಾಡುತ್ತಾರೆ. ಚಿತ್ರ ಚೆಂದ ಬರಲಿ ಎಂದು ನೆರಳು, ಹುಲ್ಲು, ಹೊಳಪುಗಳನ್ನೆಲ್ಲ ತುಂಬುತ್ತಾರೆ. ಆ ಚೆಂದವೆಲ್ಲ ಮನೆಯ ಫೋನಿನಲ್ಲಿ ಉಳಿಯುತ್ತದೆ, ಗೋವೆ ಮುಟ್ಟುವ ಹೊತ್ತಿಗೆ ಕೆಸರಾಗಿರುತ್ತದೆ. ಸ್ಮೂತ್‌ನಲ್ಲಿ ಹುಲ್ಲು ಕಡಿಮೆ, ನೆರಳು ಕಡಿಮೆ, ಫೋನು ಬಿಸಿಯಾಗುವುದೂ ಕಡಿಮೆ.

ಬಿಸಿಯೇ ಇಲ್ಲಿನ ದೊಡ್ಡ ವೈರಿ. ಒಂದೇ ಫೋನಿನಲ್ಲಿ ಆಟ ನಡೆಯಬೇಕು, ಚಿತ್ರ ಕುಗ್ಗಬೇಕು, ನೆಟ್ಟಿಗೆ ಹೋಗಬೇಕು ಎಂದರೆ ಏಪ್ರಿಲ್ ರಾತ್ರಿಯಲ್ಲಿ ಇಪ್ಪತ್ತು ನಿಮಿಷವೂ ತಾಳುವುದು ಕಷ್ಟ. ಒಳಗಿನ ಚಿಪ್ಪು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ, 60ರಲ್ಲಿದ್ದ ಆಟ 40ಕ್ಕೆ ಬೀಳುತ್ತದೆ, ಚಿತ್ರ ಜಗ್ಗತೊಡಗುತ್ತದೆ. ಕವರ್ ತೆಗೆಯುವುದು, ಬೆಳಕು ಇಳಿಸುವುದು, ಆಡುವಾಗ ಚಾರ್ಜಿಗೆ ಹಾಕದಿರುವುದು, ಗಾಳಿ ಬಿಡುವುದು ಇವೆಲ್ಲ ಮೊದಲ ಉಪಾಯಗಳು. ಒದ್ದೆ ಬಟ್ಟೆ ಸುತ್ತುವವರೂ ಇದ್ದಾರೆ. ಫೋನಿನ ಒಳಗೆ ನೀರಿಳಿಸುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಈ ಹುಡುಗನ ಉಪಾಯ ಬೇರೆ. ಲೈವಿನ ಭಾರವನ್ನು ಫೋನಿನಿಂದ ಇಳಿಸಿದ್ದಾನೆ. ಫೋನಿನ ಪರದೆಯನ್ನು ಯುಎಸ್‌ಬಿ ವೈರಿನ ಮೂಲಕ ಲ್ಯಾಪ್‌ಟಾಪಿನಲ್ಲಿ ಕಾಣಿಸುವ ಸ್ಕ್ರ್‌ಸಿಪಿವೈ ಎಂಬ ಪುಕ್ಕಟೆ ತಂತ್ರಾಂಶವಿದೆ, 2018ರಲ್ಲಿ ಬಂದದ್ದು. ಆ ಚಿತ್ರವನ್ನು ಒಬಿಎಸ್ ಎತ್ತಿಕೊಂಡು ಯೂಟ್ಯೂಬಿಗೆ ಕಳಿಸುತ್ತದೆ. ಒಬಿಎಸ್ ಕೂಡ ಪುಕ್ಕಟೆಯೇ. 2012ರಲ್ಲಿ ಹ್ಯೂ ಬೇಲಿ ಎಂಬಾತ ಶುರುಮಾಡಿದ್ದು, ಇವತ್ತು ಜಗತ್ತಿನ ದೊಡ್ಡ ಲೈವ್‌ಗಳಿಂದ ತಂಗಡಗಿಯ ಪಡಸಾಲೆಯವರೆಗೆ ಒಂದೇ ಒಬಿಎಸ್. ಲ್ಯಾಪ್‌ಟಾಪಿನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲ. ಇಂಟೆಲ್ ಚಿಪ್ಪುಗಳೊಳಗೆ 2011ರಿಂದ ಬರುತ್ತಿರುವ ಕ್ವಿಕ್ ಸಿಂಕ್ ಎಂಬ ಭಾಗಕ್ಕೆ ಕುಗ್ಗಿಸುವ ಕೆಲಸ ವಹಿಸಿದ್ದಾನೆ. ಎನ್‌ವಿಡಿಯಾ ಕಾರ್ಡಿದ್ದವರಿಗೆ ಎನ್‌ವೆಂಕ್ ಇದೆ. ಇಂಥ ಯಾವುದೂ ಇಲ್ಲದವರು ಪ್ರೊಸೆಸರಿಗೇ ಹೊರಿಸಿ, ವೇಗವನ್ನು "ವೆರಿ ಫಾಸ್ಟ್" ಎಂದಿಟ್ಟು ದೇವರನ್ನು ನೆನೆಯಬೇಕು.

"ಎಲ್ಲಾರೂ 1080 ಹಾಕು, 1080 ಹಾಕು ಅಂತಾರ್ರಿ" ಎಂದ. "ನಾ 720 ಹಾಕೀನಿ. ಅವರಿಗೆ ಹೇಳಾಕ ಹೋಗಿಲ್ಲ."

ನನ್ನ ಮತವೂ ಅವನದೇ ಕಡೆ. 720 ಎಂದರೆ 1280 ಅಡ್ಡ, 720 ಉದ್ದ, ಒಟ್ಟು 9,21,600 ಚುಕ್ಕಿ. 1080ಕ್ಕೆ ಅದರ ಎರಡೂಕಾಲು ಪಟ್ಟು. ಕೈಯಲ್ಲಿರುವ ಬಿಟ್ ಅಷ್ಟೇ ಇದ್ದು ಚುಕ್ಕಿಗಳನ್ನು ಎರಡೂಕಾಲು ಪಟ್ಟು ಮಾಡಿದರೆ ಪ್ರತಿ ಚುಕ್ಕಿಯ ಪಾಲು ಅರ್ಧಕ್ಕೂ ಕೆಳಗಿಳಿಯುತ್ತದೆ. ಒಂದೇ ಉಂಡೆ ಹಿಟ್ಟನ್ನು ಹಂಚಿಗಿಂತ ಅಗಲ ಬಡಿಯಹೋದರೆ ರೊಟ್ಟಿ ಹರಿಯುವ ಹಾಗೆ. ಯೂಟ್ಯೂಬ್ ಎಚ್.264ಕ್ಕೆ ಸೂಚಿಸುವ ಅಳತೆಯೂ ಇದನ್ನೇ ಹೇಳುತ್ತದೆ: 720ರಲ್ಲಿ ಸೆಕೆಂಡಿಗೆ 30 ಚಿತ್ರಕ್ಕೆ 4 ಎಂಬಿಪಿಎಸ್, 60 ಚಿತ್ರಕ್ಕೆ 6, 1080ರಲ್ಲಿ 30ಕ್ಕೆ 10, 60ಕ್ಕೆ 12. ಅಪ್‌ಲೋಡ್ 8 ಇರುವ ಊರಿನಲ್ಲಿ 1080 ಎಂಬುದು ಚಾನೆಲ್ಲಿನ ಹೆಸರಿನ ಪಕ್ಕ ಬರೆದುಕೊಳ್ಳುವ ಬಿರುದಷ್ಟೇ. ನೋಡುವವನು ಅಂಗೈಯಗಲದ ಫೋನಿನಲ್ಲಿ, ಬಸ್ಸಿನ ಕಿಟಕಿ ಪಕ್ಕ ಕೂತು ನೋಡುತ್ತಾನೆ. ಅವನಿಗೆ ಗುಂಡು ಯಾರಿಗೆ ತಗುಲಿತು ಎಂಬುದು ಕಾಣಬೇಕು.

ನೆಟ್ ತಂಗಡಗಿಯ ಮನೆಗಳಲ್ಲಿ ಒಂದು ಪ್ರತ್ಯೇಕ ಅಧ್ಯಾಯ. ಮಾಳಿಗೆಯ ಮಣ್ಣು, ಮೊಳದಗಲದ ಕಲ್ಲುಗೋಡೆ ಬೇಸಿಗೆಗೆ ತಂಪು ಕೊಡುತ್ತವೆ. ಟವರಿನ ಸಿಗ್ನಲ್ಲಿಗೆ ಮಾತ್ರ ಅವು ಕೋಟೆ. ಹಾಗಾಗಿ ನೆಟ್ ಹಿಡಿಯುವ ಎರಡನೇ ಫೋನು ಬೆಳಕಿಂಡಿಯ ಬಾಯಲ್ಲಿ, ದಾರದಲ್ಲಿ ಕಟ್ಟಿದ ಚೀಲದೊಳಗೆ ತೂಗುತ್ತದೆ. ಅಲ್ಲಿಂದ ಕೆಳಕ್ಕೆ ಉದ್ದನೆಯ ಯುಎಸ್‌ಬಿ ವೈರು. ಹಾಟ್‌ಸ್ಪಾಟ್ ಯಾಕಿಲ್ಲ ಎಂದರೆ, ಓಣಿಯ ವೈಫೈಗಳೆಲ್ಲ ಒಂದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಿತ್ತಾಡುತ್ತಿರುತ್ತವೆ, 5 ಗಿಗಾಹರ್ಟ್ಸಿನದಕ್ಕೆ ಈ ಗೋಡೆ ದಾಟುವ ಶಕ್ತಿಯಿಲ್ಲ. ವೈರಿಗೆ ಈ ಜಗಳಗಳಿಲ್ಲ.

ವೇಗ ಅಳೆಯುವುದರಲ್ಲೂ ಒಂದು ಪಾಠವಿದೆ. ಜನ ಸ್ಪೀಡ್ ಟೆಸ್ಟ್ ಮಾಡಿ ಡೌನ್‌ಲೋಡಿನ ದೊಡ್ಡ ಅಂಕಿ ನೋಡಿ ಹಿಗ್ಗುತ್ತಾರೆ. ಲೈವಿಗೆ ಬೇಕಾದದ್ದು ಅದರ ಕೆಳಗಿನ ಸಣ್ಣ ಅಂಕಿ. ಅದನ್ನೂ ಬೆಳಗಿನ ಆರಕ್ಕೆ ಅಳೆದು ಉಪಯೋಗವಿಲ್ಲ. ಊರೆಲ್ಲ ಊಟ ಮಾಡಿ ರೀಲ್ಸ್ ನೋಡುವ ಒಂಬತ್ತರ ಹೊತ್ತಿಗೆ ಅಳೆಯಬೇಕು. ಸಿಕ್ಕ ಅಂಕಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಬಳಸಬಾರದು. ಎಂಟು ಸಿಕ್ಕರೆ ಆರು. ಇನ್ನು ಡೇಟಾ. 4 ಎಂಬಿಪಿಎಸ್‌ನಂತೆ ಬಿಟ್ಟರೂ ದಿನಕ್ಕೆ 2 ಜಿಬಿಯ ಪ್ಯಾಕು ಒಂದು ತಾಸು ಏಳೆಂಟು ನಿಮಿಷದಲ್ಲಿ ತೀರುತ್ತದೆ. ಆಮೇಲೆ ಪರದೆಯ ಮೇಲೆ ಸುತ್ತುವ ಚಕ್ರ, ಆಮೇಲೆ ಗೆಳೆಯರ ಬೈಗುಳ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಹಳ್ಳಿಹಳ್ಳಿಗೂ ಅಗ್ಗದ ಡೇಟಾ ಇಳಿದಾಗ ಈ ಹುಡುಗರು ಪ್ರೈಮರಿ ಶಾಲೆಯಲ್ಲಿದ್ದರು. ಮೊದಲು ನೋಡಿದರು. ಮುಂಬಯಿಯ ಮಾರ್ಟಲ್, ಡೈನಮೋ ಎಂಬ ಹೆಸರಿನಲ್ಲಿ ಆಡುವವರ ಲೈವ್‌ಗಳನ್ನು ಹಿಂದಿಯಲ್ಲಿ ನೋಡುತ್ತಾ ಬೆಳೆದರು. ಈಗ ತಾವೇ ಬಿಡುತ್ತಿದ್ದಾರೆ.

ದಾರಿ ನೆಟ್ಟಗಿರಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಿಷೇಧವಾಯಿತು. 2021ರ ಜುಲೈಯಲ್ಲಿ ಬಿಜಿಎಮ್‌ಐ ಎಂದು ಮರಳಿತು, 2022ರ ಜುಲೈಯಲ್ಲಿ ಮತ್ತೆ ಅಂಗಡಿಯಿಂದ ಇಳಿಯಿತು, 2023ರ ಮೇನಲ್ಲಿ ಮತ್ತೆ ಬಂತು. 2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಕ್ರೀಡೆಗೆ ಬೇರೆ ಜಾಗ ಕೊಟ್ಟಿತು. ಊರ ಕಟ್ಟೆಯ ಮೇಲೆ ಈ ಎರಡರ ವ್ಯತ್ಯಾಸ ಇನ್ನೂ ಇಳಿದಿಲ್ಲ, "ಫೋನಿನ್ಯಾಗ ಆಡೂದಂದ್ರ ರೊಕ್ಕ ಕಳಕೊಳ್ಳೂದs ಅಲ್ಲೇನೋ ತಮ್ಮಾ?" ಎಂದು ಹಿರಿಯರು ಕೇಳುತ್ತಲೇ ಇರುತ್ತಾರೆ. ಅದೇ ವರ್ಷದ ಜುಲೈಯಿಂದ ಯೂಟ್ಯೂಬ್ ಕೂಡ 16ರ ಒಳಗಿನವರು ತಾವಾಗಿ ಲೈವ್ ಬಿಡುವುದನ್ನು ನಿಲ್ಲಿಸಿದೆ. ಫೋನಿನಿಂದ ಲೈವ್ ಬಿಡಲು 50 ಮಂದಿ ಚಂದಾದಾರರಾದರೂ ಬೇಕು.

ಲ್ಯಾಪ್‌ಟಾಪಿನ ಪರದೆಯ ಮೂಲೆಯಲ್ಲಿ ಸಣ್ಣ ಹಸಿರು ಚೌಕವೊಂದು ಉರಿಯುತ್ತಿದೆ. ಹುಡುಗನ ಒಂದು ಕಣ್ಣು ಅದರ ಮೇಲೆ. ಹಳದಿಯಾಯಿತು. ತಟ್ಟನೆ ಒಬಿಎಸ್‌ನ ಸ್ಟ್ಯಾಟ್ಸ್ ತೆರೆದ. ಚಿತ್ರ ಜಗ್ಗಿದರೆ ಹೊಸಬರು ನೆಟ್ಟಿಗೆ ಬೈಯುತ್ತಾರೆ, ಆದರೆ ಅಲ್ಲಿ ಮೂರು ಸಾಲುಗಳಿವೆ, ಮೂರೂ ಬೇರೆ ಬೇರೆ ರೋಗ. ಚಿತ್ರ ಬರೆಯುವಾಗಲೇ ತಪ್ಪಿಹೋದ ಫ್ರೇಮು, ಕುಗ್ಗಿಸುವಾಗ ಹಿಂದೆ ಬಿದ್ದ ಫ್ರೇಮು, ದಾರಿಯಲ್ಲಿ ಬಿದ್ದುಹೋದ ಫ್ರೇಮು. ಮೊದಲನೆಯದಾದರೆ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಸುಸ್ತಾಗಿದೆ, ಬೇರೆ ಕಿಟಕಿಗಳನ್ನು ಮುಚ್ಚಬೇಕು. ಎರಡನೆಯದಾದರೆ ಕುಗ್ಗಿಸುವ ಕೆಲಸ ಹಗುರ ಮಾಡಬೇಕು, 60ನ್ನು 30ಕ್ಕೆ ಇಳಿಸಬೇಕು. ಮೂರನೆಯದಕ್ಕೆ ಮಾತ್ರ ನೆಟ್ ಕಾರಣ. ಇವತ್ತು ಮೂರನೆಯ ಸಾಲಿನ ಅಂಕಿ ಏರುತ್ತಿತ್ತು. ಲೈವ್ ನಿಲ್ಲಿಸದೆಯೇ ಬಿಟ್‌ರೇಟು ತಾನಾಗಿ ತಗ್ಗುವ ಸೌಲಭ್ಯ ಒಬಿಎಸ್‌ನಲ್ಲಿದೆ. ಅದನ್ನು ಮೊದಲೇ ಹಾಕಿಟ್ಟಿದ್ದ. ಅಂಕಿ ನಿಂತಿತು. ಹಸಿರು ಮರಳಿತು. ಚಿತ್ರ ಸ್ವಲ್ಪ ಮಂಕಾಗಿ, ಕಡಿಯದೆ ಓಡಿತು.

ಮುಖ ತೋರಿಸುವ ಸಣ್ಣ ಚೌಕದ ಕತೆಯೂ ಇದೆ. ಶುರುವಿಗೆ ಅವನು ಅವ್ವನ ಹಸಿರು ಇಳಕಲ್ ಸೀರೆಯೊಂದನ್ನು ಬೆನ್ನ ಹಿಂದೆ ಕಟ್ಟಿ, ಹಿನ್ನೆಲೆ ಮಾಯ ಮಾಡುವ ಸಾಹಸಕ್ಕೆ ಇಳಿದಿದ್ದನಂತೆ. ರೇಷ್ಮೆಯ ಹೊಳಪು ಒಂದೊಂದು ಕಡೆ ಒಂದೊಂದು ಹಸಿರಾಗಿ, ಕಿವಿಯ ಅಂಚು ಇಲಿ ಕಡಿದ ಹಾಗೆ ಕಾಣುತ್ತಿತ್ತು. ಅವ್ವ ಬಂದು ಸೀರೆ ಕಿತ್ತುಕೊಂಡು ಹೋದಳು. ಚಾನೆಲ್ಲಿಗೆ ಅದರಿಂದ ಒಳ್ಳೆಯದೇ ಆಯಿತು. ಈಗ ಹಿಂದೆ ಸುಣ್ಣದ ಗೋಡೆ, ಎದುರಿನ ಗೋಡೆಗೆ ತಿರುಗಿಸಿದ ಒಂದು ಎಲ್‌ಇಡಿ ಬಲ್ಬು, ಅಲ್ಲಿಂದ ಮರಳುವ ಮೆತ್ತನೆಯ ಬೆಳಕು. ಬೆಳಕು ಚೆಂದಕ್ಕಾಗಿ ಮಾತ್ರವಲ್ಲ. ಕತ್ತಲಲ್ಲಿ ಕ್ಯಾಮೆರಾ ಕಾಣದ್ದನ್ನು ಕಾಣಲು ಒದ್ದಾಡಿ ರವೆ ರವೆ ಎಬ್ಬಿಸುತ್ತದೆ. ಆ ರವೆ ಪ್ರತಿ ಫ್ರೇಮಿನಲ್ಲೂ ಹೊಸದು, ಹಿಂದಿನದರಲ್ಲಿ ಹುಡುಕಿದರೆ ಸಿಗದು. ಬೆರಳಗಲದ ಮುಖವೇ ಆಟಕ್ಕೆ ಸಲ್ಲಬೇಕಾದ ಬಿಟ್ಟನ್ನು ನುಂಗಿಬಿಡುತ್ತದೆ.

ಈ ಹುಡುಗನ ಇನ್ನೊಂದು ಕೆಲಸ ಜಾತ್ರೆಯ ದಿನಗಳಲ್ಲಿ ಶುರುವಾಗುತ್ತದೆ. ಆಟ ಬಿಡುವುದನ್ನು ಕಲಿತವನಿಗೆ ಸುತ್ತಲಿನ ಹಳ್ಳಿಗಳು ಕಬಡ್ಡಿ, ಕುಸ್ತಿ, ತೆರಬಂಡಿಗಳನ್ನು ಲೈವ್ ಬಿಡಲು ಕರೆಯುತ್ತವೆ. ರಾತ್ರಿ ಕಬಡ್ಡಿಯ ಕಣವೊಂದಕ್ಕೆ ಹೋದರೆ ಈ ವಿದ್ಯೆಯ ಇನ್ನೊಂದು ಮುಖ ಕಾಣುತ್ತದೆ. ನನಗೆ ಕೇಳಿದರೆ ಇದೇ ಕಷ್ಟದ್ದು, ಇದೇ ರುಚಿಯದು. ಆಟದ ಕಂಪನಿ ಬರೆದುಕೊಟ್ಟ ಬೆಳಕು ಇಲ್ಲಿಲ್ಲ.

ಕಪ್ಪು ಎರೆಯನ್ನು ಹದ ಮಾಡಿ, ನೀರು ಚಿಮುಕಿಸಿ, ಸುಣ್ಣದ ಗೆರೆ ಎಳೆದ ಅಂಕಣ: 13 ಮೀಟರ್ ಉದ್ದ, 10 ಮೀಟರ್ ಅಗಲ. ನಾಲ್ಕು ಮೂಲೆಗೆ ಬಿದಿರ ಗಳ, ಗಳದ ತುದಿಗೆ ಲೈಟು. ಸುತ್ತ ಹಗ್ಗ, ಹಗ್ಗದಾಚೆ ಮಂದಿ, ಮಂದಿಯ ಹಿಂದೆ ಟ್ರ್ಯಾಕ್ಟರ್ ಡಬ್ಬಿಗಳ ಮೇಲೆ ಮತ್ತೂ ಮಂದಿ. ಮೈಕಿನಲ್ಲಿ ಕಾಮೆಂಟ್ರಿಯವನ ಗಂಟಲು ಆಗಲೇ ಕಟ್ಟಿದೆ. ಶೇಂಗಾ, ಮಿರ್ಚಿ ಭಜಿ, ಎಣ್ಣೆಯ ಹೊಗೆ. ಒಂದು ಟ್ರ್ಯಾಕ್ಟರ್ ಡಬ್ಬಿ ಲೈವಿನವರಿಗೆ ಮೀಸಲು. ಅದರ ಮೇಲೆ ಸ್ಟ್ಯಾಂಡು, ಫೋಟೋ ಸ್ಟುಡಿಯೊದಿಂದ ಬಾಡಿಗೆಗೆ ತಂದ ಕ್ಯಾಮೆರಾ.

"ಏ ಕಾಕಾ, ಡಬ್ಬಿಮ್ಯಾಲ ಹತ್ತಬ್ಯಾಡ್ರೀ, ಕ್ಯಾಮೆರಾ ಅಳ್ಳಾಡತೈತಿ."

"ನಮ್ಮ ಹುಡುಗ ರೇಡಿಗೆ ಹೊಂಟಾನಪಾ, ಒಂದs ಸಲ ನೋಡಿ ಇಳೀತೀನಿ."

ಕಾಕಾ ಹತ್ತಿದರೆ ಚಿತ್ರವೆಲ್ಲ ನಡುಗುತ್ತದೆ. ನಡುಗಿದರೆ ಒಂದು ಚೌಕವೂ ಹಿಂದಿನ ಜಾಗದಲ್ಲಿ ಉಳಿಯುವುದಿಲ್ಲ. ಅಂಕಣ, ಗೆರೆ, ಗಳ, ಆಕಾಶ ಎಲ್ಲವನ್ನೂ ಮತ್ತೆ ಬರೆಯಬೇಕು. ಕ್ಯಾಮೆರಾವನ್ನು ರೇಡರನ ಹಿಂದೆ ಹಿಂದೆ ತಿರುಗಿಸುವ ಆಸೆಯನ್ನೂ ಇದೇ ಕಾರಣಕ್ಕೆ ಅದುಮಿಕೊಳ್ಳಬೇಕು. ಇಡೀ ಅಂಕಣ ಹಿಡಿಸುವಂತೆ ಎತ್ತರದಲ್ಲಿ ನೆಟ್ಟು, ಕೈ ಬಿಟ್ಟುಬಿಡುವುದು. ಆಗ ಬದಲಾಗುವುದು ಆಟಗಾರರು ಮಾತ್ರ, ಬಿಟ್ಟೆಲ್ಲ ಅವರ ಮೈಮೇಲೆ ಖರ್ಚಾಗುತ್ತದೆ. ಮಂದಿಯ ತಲೆಗಳು ಚೌಕಟ್ಟಿನಲ್ಲಿ ಎಷ್ಟು ಕಡಿಮೆ ಇದ್ದರೆ ಅಷ್ಟು ಲಾಭ. ಕುಣಿಯುವ ನೂರಾರು ತಲೆಗಳು ಸಾನ್‌ಹಾಕ್ ಕಾಡಿಗೆ ಸಮ.

ಮೊದಲ ಆಟ ಶುರುವಾದಾಗ ಪರದೆಯ ಮೇಲೆ ಕರಿಯ ಅಡ್ಡಪಟ್ಟಿಗಳು ಮೇಲಿನಿಂದ ಕೆಳಕ್ಕೆ ತೇಲತೊಡಗಿದವು. ಕಣ್ಣಿಗೆ ಲೈಟು ನಿಶ್ಚಲ, ಕ್ಯಾಮೆರಾಕ್ಕೆ ಅಲ್ಲ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಸುತ್ತಿನದು, ಅಗ್ಗದ ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕ್ಯಾಮೆರಾ ಅಮೆರಿಕದ ಲೆಕ್ಕದಂತೆ ಸೆಕೆಂಡಿಗೆ 60ರಲ್ಲಿ ನಿಂತಿತ್ತು, ಶಟರು 1/125. ಎರಡರ ತಾಳ ಕೂಡದೆ ಪಟ್ಟಿ ಎದ್ದಿದೆ. ಹುಡುಗ ಮೆನು ತೆರೆದು 60ನ್ನು 50 ಮಾಡಿದ, ಶಟರನ್ನು 1/100ಕ್ಕೆ ತಂದ, ಒಬಿಎಸ್‌ನಲ್ಲೂ 50 ಎಂದಿಟ್ಟ. ಪಟ್ಟಿ ಮಾಯ. 1/50 ಇಟ್ಟರೂ ಪಟ್ಟಿ ಹೋಗುತ್ತಿತ್ತು, ಆದರೆ ಕಬಡ್ಡಿಯಲ್ಲಿ ಕೈ ಮುಟ್ಟಿತೋ ಇಲ್ಲವೋ ಎಂಬುದೇ ಜಗಳದ ಮೂಲ; 1/50ರಲ್ಲಿ ಬೀಸಿದ ಕೈ ಮಂಜಾಗಿಬಿಡುತ್ತದೆ. ಮದುವೆ ಲೈವಿನವರಿಗೆ 1080ರಲ್ಲಿ 25 ಚಿತ್ರ ಸಾಕು. ಕಬಡ್ಡಿಗೆ 720ರಲ್ಲಿ 50 ಇರಲಿ ಎಂಬುದು ಅವನ ಹಟ, ಒಪ್ಪತಕ್ಕದ್ದು. ಫೋಕಸ್ಸು, ಬೆಳಕು, ಬಣ್ಣ ಮೂರನ್ನೂ ಆಟೋದಿಂದ ತೆಗೆದು ಕಟ್ಟಿಹಾಕಿದ. ಇಲ್ಲದಿದ್ದರೆ ಬಿಳಿ ಅಂಗಿಯ ರೆಫರಿ ಮುಂದೆ ಹಾದಾಗಲೆಲ್ಲ ಇಡೀ ಅಂಕಣ ಕಪ್ಪಾಗಿ ಮತ್ತೆ ಬೆಳಗುತ್ತದೆ.

ಕ್ಯಾಮೆರಾದಿಂದ ಲ್ಯಾಪ್‌ಟಾಪಿಗೆ ಚಿತ್ರ ತರುವ ಹೆಬ್ಬೆರಳುದ್ದದ ಕ್ಯಾಪ್ಚರ್ ಸ್ಟಿಕ್ಕಿನ ಡಬ್ಬಿಯ ಮೇಲೆ 4ಕೆ ಎಂದು ದೊಡ್ಡದಾಗಿ ಬರೆದಿರುತ್ತದೆ. ಒಳಗೆ ಬರುವುದು 1080, ಅದೂ ಸೆಕೆಂಡಿಗೆ 30. ಯುಎಸ್‌ಬಿ 2ರ ಕಿರುದಾರಿಯಲ್ಲಿ ಅದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ, ಹಿಡಿಸುವುದೂ ಒಮ್ಮೆ ಕುಗ್ಗಿಸಿಕೊಂಡೇ. 720ಕ್ಕೆ ಇಳಿಸಿದರೆ ಅಂಥ ಬಹಳಷ್ಟು ಸ್ಟಿಕ್ಕುಗಳು 50, 60 ಚಿತ್ರ ಕೊಡುತ್ತವೆ. ಡಬ್ಬಿಯ ಬರಹ ನಂಬಿ 1080ಕ್ಕೆ ಇಟ್ಟವರು ರೇಡು ಜಗ್ಗಾಡುವುದನ್ನು ನೋಡಿ ಕ್ಯಾಮೆರಾ ಬದಲಿಸುತ್ತಾರೆ.

ಸ್ಕೋರು ತೋರಿಸುವ ಪಟ್ಟಿಯ ಮೇಲೆ ಮೊದಲು ತೆಳ್ಳನೆಯ ಅಕ್ಷರ ಹಾಕಿದ್ದರು. ಫೋನಿನಲ್ಲಿ ನೋಡಿದರೆ ಮುದ್ದೇಬಿಹಾಳದ ಒತ್ತು ಕರಗಿಹೋಗಿತ್ತು. ಕನ್ನಡದ ಒತ್ತಕ್ಷರ, ಕೊಂಬು, ದೀರ್ಘಗಳೆಲ್ಲ ಸಾಲಿನ ಕೆಳಗೂ ಬದಿಗೂ ಸಣ್ಣಗೆ ಕೂರುವಂಥವು. ಬಿಟ್ ಕಡಿಮೆಯಾದಾಗ ಮೊದಲು ಸಾಯುವುದು ಅವೇ. ಬಾಲೂ ತಮ್ಮ ಎಂಬ ಫಾಂಟಿನಂಥ ದಪ್ಪ ಅಕ್ಷರ, ಸಾಲಿನ ಕೆಳಗೆ ಧಾರಾಳ ಜಾಗ, ಹಿಂದೆ ಒಂದೇ ಬಣ್ಣದ ಪಟ್ಟಿ ಇಟ್ಟ ಮೇಲೆ ಊರಿನ ಹೆಸರು ಊರಿನವರಿಗೆ ಓದಲು ಬಂತು. ಕೆಳಗೆ ಓಡುವ ಜಾಹೀರಾತಿನ ಸಾಲನ್ನು ಕಿತ್ತುಹಾಕಬೇಕೆಂದು ಅವನ ಆಸೆ. ಹಣ ಕೊಟ್ಟ ಗೊಬ್ಬರದ ಅಂಗಡಿಯವರು ಮುಂದಿನ ಸಾಲಿನಲ್ಲೇ ಕೂತಿದ್ದರಿಂದ ಅದು ಆಗಲಿಲ್ಲ.

ಸಂಜೆ ಐದಕ್ಕೆ ಖಾಲಿ ಕಣದಲ್ಲಿ ಅಳೆದಾಗ ಅಪ್‌ಲೋಡು ಭರ್ಜರಿ ಇತ್ತು. ಒಂಬತ್ತಕ್ಕೆ ಮಂದಿ ತುಂಬಿದರು, ಪ್ರತಿ ಕಿಸೆಯಲ್ಲೂ ಒಂದು ಫೋನು, ಎಲ್ಲವೂ ಅದೇ ಟವರಿಗೆ ಜೋತುಬಿದ್ದವು. ಅರ್ಧ ಮಂದಿ ಕಣದಲ್ಲಿ ನಿಂತೇ ಫೇಸ್‌ಬುಕ್ಕಿನಲ್ಲಿ ತಮ್ಮದೇ ಲೈವ್ ಬಿಡುತ್ತಿದ್ದರು. ಇದು ಪ್ರತಿ ಜಾತ್ರೆಯ ಕತೆ. ಮೈಕಿನಲ್ಲಿ ಬೇಡಿಕೊಂಡರೂ ಯಾರೂ ಫೋನು ಒಳಗಿಡುವುದಿಲ್ಲ. ಇದನ್ನು ಬಲ್ಲವನಾದ್ದರಿಂದ ಹುಡುಗ ಹಗಲೇ ಕಣದ ಪಕ್ಕದ ಕಿರಾಣಿ ಅಂಗಡಿಯವರೊಡನೆ ಮಾತಾಡಿಟ್ಟಿದ್ದ. ಅವರಲ್ಲಿ ಫೈಬರ್ ಇದೆ. ಅಲ್ಲಿಂದ ಲ್ಯಾನ್ ಕೇಬಲ್ಲು ಮರದಿಂದ ಮರಕ್ಕೆ, ಮಂದಿಯ ತಲೆಯ ಮೇಲೆ, ಡಬ್ಬಿಯವರೆಗೆ. ಆ ಕೇಬಲ್ಲು 100 ಮೀಟರಿನವರೆಗೆ ನಂಬಿಕೆಗೆ ಅರ್ಹ. ಎಚ್‌ಡಿಎಂಐ ವೈರಿಗೆ ಅಷ್ಟು ದಮ್ಮಿಲ್ಲ, ಹತ್ತು ಹದಿನೈದು ಮೀಟರಿಗೆ ಚಿತ್ರ ಮಿನುಗತೊಡಗುತ್ತದೆ. ಹಾಗಾಗಿ ಲ್ಯಾಪ್‌ಟಾಪು ಕ್ಯಾಮೆರಾದ ಕಾಲ ಬುಡದಲ್ಲಿ, ಉದ್ದದ ದಾರಿಯೆಲ್ಲ ಲ್ಯಾನಿನದು. ಕಿರಾಣಿ ಅಂಗಡಿಯ ರೌಟರಿಗೆ ಒಂದು ಸಣ್ಣ ಯುಪಿಎಸ್ಸನ್ನೂ ಇಟ್ಟಿದ್ದಾನೆ. ಊರ ಕರೆಂಟು ಹೋದರೆ ಕಣಕ್ಕೆ ಜನರೇಟರಿದೆ, ರೌಟರಿಗೆ ಯಾರಿದ್ದಾರೆ?

ಒಬಿಎಸ್‌ನಲ್ಲಿ ಉಳಿದ ಸಂಗತಿಗಳು ಚುಟುಕು. ಬಿಟ್‌ರೇಟು ಏರಿಳಿಯದ ಸಿಬಿಆರ್. ಪೂರ್ತಿ ಚಿತ್ರ ಎರಡು ಸೆಕೆಂಡಿಗೊಮ್ಮೆ. ಧ್ವನಿಗೆ 128 ಕೆಬಿಪಿಎಸ್. ಯೂಟ್ಯೂಬಿನ ಕಡೆ ಲೇಟೆನ್ಸಿ ನಾರ್ಮಲ್. ಗೇಮ್ ಆಡುವಾಗ ನೋಡುವವರೊಡನೆ ಹರಟಬೇಕು, ಅದಕ್ಕೆ ತಡ ಕಡಿಮೆ ಇರಬೇಕು. ಕಬಡ್ಡಿ ನೋಡುವವನಿಗೆ ಕೆಲವು ಸೆಕೆಂಡು ತಡವಾದರೆ ನಷ್ಟವಿಲ್ಲ, ಆ ತಡದಲ್ಲಿ ಯೂಟ್ಯೂಬಿಗೂ ಚಿತ್ರ ಕೂಡಿಟ್ಟುಕೊಳ್ಳಲು ವ್ಯವಧಾನ ಸಿಗುತ್ತದೆ. ನಾವು ಕಳಿಸಿದ್ದನ್ನು ಅದು ಮತ್ತೊಮ್ಮೆ ಕುಗ್ಗಿಸಿ 144ರಿಂದ ಮೇಲಕ್ಕೆ ಬೇರೆ ಬೇರೆ ಅಳತೆಯಲ್ಲಿ ಹಂಚುತ್ತದೆ ಎಂಬುದನ್ನು ಮರೆಯುವಂತಿಲ್ಲ. ಇಲ್ಲಿಂದಲೇ ಹರಿದದ್ದು ಹೋದರೆ ಅಲ್ಲಿ ಚಿಂದಿಯಾಗುತ್ತದೆ. ಜೊತೆಗೆ ಲ್ಯಾಪ್‌ಟಾಪಿನಲ್ಲೇ ಇನ್ನೂ ಹೆಚ್ಚು ಬಿಟ್ಟಿನಲ್ಲಿ ಒಂದು ರೆಕಾರ್ಡಿಂಗು ಓಡುತ್ತಿದೆ. ಲೈವ್ ಒಡೆದರೂ ಫೈನಲ್ಲಿನ ಚಿತ್ರ ಚೊಕ್ಕವಾಗಿ ಉಳಿಯುತ್ತದೆ. ನಡುರಾತ್ರಿ ಊರು ಮಲಗಿ ನೆಟ್ ಬಿಡುವಾದಾಗ ಏರಿಸಬಹುದು.

ಫೈನಲ್ಲಿನ ದ್ವಿತೀಯಾರ್ಧ. ರೇಡರು ಗೆರೆ ದಾಟಿದ. ಮೂವತ್ತು ಸೆಕೆಂಡು. ಏಳು ಮಂದಿ ಕೈ ಕೈ ಹಿಡಿದು ಕಮಾನಾಗಿ ಬಾಗಿದರು. ಕಾಲು ಚಾಚಿದ, ಹಿಂದೆ ಸರಿದ, ಮತ್ತೆ ಚಾಚಿದ. ಲೈಟಿನ ಬೆಳಕಿನಲ್ಲಿ ಎರೆಯ ಧೂಳು ಎದ್ದಿತು. ಹುಡುಗ ತುಟಿ ಕಚ್ಚಿ ಪರದೆ ನೋಡಿದ, ಏಕೆಂದರೆ ಧೂಳೂ ಹೊಗೆಯ ಜಾತಿಯೇ. ಚಿತ್ರ ಒಂದು ಕ್ಷಣ ಮಂಕಾಗಿ ಮತ್ತೆ ತಿಳಿಯಾಯಿತು. ಮೂಲೆಯವನ ಬೆರಳಿಗೆ ರೇಡರನ ಹಿಮ್ಮಡಿ ತಾಗಿದ್ದು ಕಂಡಿತು. ಕಣದಲ್ಲಿ ರೆಫರಿ ಸೀಟಿ ಊದಿದ, ಎರಡೂ ಕಡೆಯವರು ನುಗ್ಗಿ ಬಂದರು, ಯಾರೋ ಡಬ್ಬಿಯ ಕಡೆ ಕೈ ಮಾಡಿ ಕೂಗಿದರು, "ಲೈವಿನ್ಯಾಗ ನೋಡ್ರೋ, ಲೈವಿನ್ಯಾಗ ಬಿದ್ದೈತಿ!" ಕಾಕಾ ಈಗ ಯಾರ ಅಪ್ಪಣೆಯೂ ಇಲ್ಲದೆ ಡಬ್ಬಿಯ ಮೇಲಿದ್ದರು.

ಜಗಳ ತೀರುವುದರೊಳಗೆ ಗೋವೆಯ ಗೆಳೆಯನ ಮೆಸೇಜು ಬಂತು. ಚಿತ್ರ ಚೊಲೊ ಬರಾಕತ್ತೈತಿ, ಒಂದ ಚೂರೂ ಒಡದಿಲ್ಲ, ಆದರ ಕಾಮೆಂಟ್ರಿ ಒಂದ ಅಕ್ಷರಾನೂ ತಿಳಿವಲ್ದು, ಬರೇ ಗುಂಯ್ ಅಂತೈತಿ. ಹುಡುಗ ತಲೆ ಎತ್ತಿ ನೋಡಿದ. ಹಾರ್ನಿನ ಬಾಯಿ ನೇರ ಕ್ಯಾಮೆರಾದ ಮೈಕಿಗೇ ತಿರುಗಿದೆ. ಮೈಕ್‌ಸೆಟ್ಟಿನವನ ಕಡೆ ಬಾಗಿ, ಆಂಪ್ಲಿಫೈಯರಿನಿಂದ ಲ್ಯಾಪ್‌ಟಾಪಿಗೆ ಎಳೆಯಲು ಜ್ಯಾಕ್ ಇರುವ ವೈರೇನಾದರೂ ಇದೆಯಾ ಎಂದು ಕೂಗಿ ಕೇಳಿದ. "ಮುದ್ದೇಬಿಹಾಳದಾಗ ಸಿಗತೈತಿ, ನಾಳಿ ತರಸೂನು" ಎಂದ ಅವನು, ಮೈಕಿನಲ್ಲೇ.